ಮೊದಲು ಮನೆ ನೋಡಿ, ಆಮೇಲೆ ಚಿತ್ರ: ಬೆಂಗಳೂರಿನ ಸಣ್ಣ ಮನೆಗೆ ಹೊಸ ರೂಪ ಹುಡುಕುವ ಬಗೆ

ಹಾಲಿಗೆ ಬಣ್ಣ ಹೊಡೆಸಬೇಕು, ಹಳೇ ಸೋಫಾ ತೆಗೀಬೇಕು, ಒಟ್ಟಿನಲ್ಲಿ ಮನೆ ಸ್ವಲ್ಪ ಮಾಡರ್ನ್ ಆಗಿ ಕಾಣಬೇಕು. ಹೀಗೆ ತೀರ್ಮಾನವಾದ ರಾತ್ರಿಯೇ ಎಲ್ಲರೂ ಮೊಬೈಲ್ ಹಿಡಿದು ಚಿತ್ರ ಹುಡುಕಲು ಕೂರುತ್ತಾರೆ. ವಾರ ಕಳೆಯುವಷ್ಟರಲ್ಲಿ ನೂರಾರು ಚಿತ್ರ ಸೇವ್ ಆಗಿರುತ್ತವೆ, ಒಂದೂ ಮನೆಗೆ ಹೊಂದುವುದಿಲ್ಲ. ಹೊಂದುವುದಾದರೂ ಹೇಗೆ? ಬಹುಪಾಲು ಚಿತ್ರಗಳು ಎತ್ತರದ ಚಾವಣಿಯ, ಗೋಡೆಯಗಲದ ಕಿಟಕಿಯ, ಫ್ಯಾನೇ ಬೇಡದ ಊರುಗಳ ಮನೆಗಳವು. ನಮ್ಮದು ಟ್ವೆಂಟಿ-ಥರ್ಟಿ ಸೈಟಿನ ಐದಾರು ಚದರದ ಮನೆ, ಇಲ್ಲವೇ ಎರಡನೇ ಮಹಡಿಯ ಬಾಡಿಗೆ ಪೋರ್ಷನ್. ಒಂದು ಕಿಟಕಿ ರಸ್ತೆಗೆ, ಉಳಿದವು ಮೂರಡಿ ಆಚೆಗಿರುವ ಪಕ್ಕದ ಮನೆಯ ಗೋಡೆಗೆ.

ಆದ್ದರಿಂದ ಹುಡುಕಾಟವನ್ನು ತಿರುಗಿಸಿ. ಮನೆಯಲ್ಲಿ ಬದಲಾಯಿಸಲು ಆಗದ್ದು ಏನೇನಿದೆ ಎಂದು ಮೊದಲು ತಿಳಿದುಕೊಂಡರೆ ಯಾವ ಚಿತ್ರ ಬೇಕು, ಯಾವುದು ಬೇಡ ಎಂಬುದು ತಾನಾಗಿ ಬಗೆಹರಿಯುತ್ತದೆ.

ಒಂದು ಭಾನುವಾರ, ನಾಲ್ಕು ಹೊತ್ತು

ಹಾಲಿನ ನಾಲ್ಕೂ ಮೂಲೆಗಳಲ್ಲಿ ನಿಂತು ಎದೆಮಟ್ಟದಿಂದ ಫೋಟೊ ತೆಗೆಯಿರಿ. ಬೆಳಗ್ಗೆ 8, ಮಧ್ಯಾಹ್ನ 1, ಸಂಜೆ 5, ರಾತ್ರಿ 8. ಫ್ಲಾಶ್ ಬೇಡ. ಹಗಲಿನ ಫೋಟೊಗಳಿಗೆ ಲೈಟ್ ಹಾಕಬೇಡಿ. ತೆಗೆಯುವ ಮುಂಚೆ ಏನನ್ನೂ ಎತ್ತಿಡಬೇಡಿ. ಒಣಹಾಕಿದ ಬಟ್ಟೆ, ವಾಟರ್ ಕ್ಯಾನ್, ಬಾಗಿಲ ಬಳಿಯ ಚಪ್ಪಲಿ ಎಲ್ಲ ಇದ್ದಲ್ಲೇ ಇರಲಿ. ಆಮೇಲೆ ಮೊಬೈಲ್‌ನಲ್ಲೇ ಆ ಫೋಟೊಗಳನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಬಣ್ಣ ಹೋದ ಮೇಲೆ ಯಾವ ಮೂಲೆ ದಿನವಿಡೀ ಕತ್ತಲು, ಕಣ್ಣು ಮೊದಲು ಯಾವ ವಸ್ತುವಿನ ಮೇಲೆ ಬೀಳುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಕಣ್ಣು ಹೋಗಿ ನಿಲ್ಲುವುದು ಫ್ರಿಜ್ ಮೇಲಿನ ರಟ್ಟಿನ ಪೆಟ್ಟಿಗೆಗಳ ಮೇಲೆ.

ಕಿಟಕಿ ಯಾವ ದಿಕ್ಕಿಗಿದೆ ಎಂದೂ ಬರೆದುಕೊಳ್ಳಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಅಂದರೆ ಡಿಸೆಂಬರ್‌ನಲ್ಲಿ ಬಿಸಿಲು ತುಂಬುವ ದಕ್ಷಿಣದ ಕೋಣೆಗೆ ಜೂನ್‌ನಲ್ಲಿ ನೇರ ಬಿಸಿಲೇ ಬೀಳುವುದಿಲ್ಲ. ಚಳಿಗಾಲದ ಬಿಸಿಲಲ್ಲಿ ಚೆನ್ನಾಗಿ ಕಂಡ ಗಾಢ ಬಣ್ಣ ಮಳೆಗಾಲಕ್ಕೆ ಮಂಕಾಗುವುದು ಇದೇ ಕಾರಣಕ್ಕೆ. ಪಶ್ಚಿಮದ ಕಿಟಕಿಯಾದರೆ ಸಂಜೆಯ ಬಿಸಿಲು ಎಲ್ಲವನ್ನೂ ಹಳದಿಗೆ ತಿರುಗಿಸುತ್ತದೆ. ಮೂರಡಿ ಆಚೆ ಪಕ್ಕದ ಮನೆಯವರು ಗಿಳಿಹಸಿರು ಬಳಿದಿದ್ದರೆ ನಿಮ್ಮ ಬಿಳಿ ಗೋಡೆಗೂ ಅದರ ಛಾಯೆ ಬರುತ್ತದೆ. ಅದನ್ನು ಯಾವ ಶೇಡ್ ಕಾರ್ಡೂ ತೋರಿಸುವುದಿಲ್ಲ.

ನೆಲವೇ ಅರ್ಧ ತೀರ್ಮಾನ

ಗೋಡೆಯ ಬಣ್ಣ ವಾರಾಂತ್ಯದಲ್ಲಿ ಬದಲಾಗುತ್ತದೆ, ನೆಲ ಬದಲಾಗುವುದಿಲ್ಲ. ಹಾಗಾಗಿ ಚಿತ್ರ ಹುಡುಕುವಾಗ ಸೋಫಾ ನೋಡಬೇಡಿ, ನಿಮ್ಮ ನೆಲದಂಥ ನೆಲ ಇರುವ ಚಿತ್ರಗಳನ್ನಷ್ಟೇ ಉಳಿಸಿಕೊಳ್ಳಿ. ಈ ಒಂದೇ ಜರಡಿಯಲ್ಲಿ ನೂರಾರು ಚಿತ್ರ ಹತ್ತಿಪ್ಪತ್ತಕ್ಕೆ ಇಳಿಯುತ್ತವೆ.

ಹಳೇ ಬಡಾವಣೆಗಳ ಮನೆಗಳಲ್ಲಿ ಕೆಂಪು ರೆಡಾಕ್ಸೈಡ್ ಗಾರೆ ನೆಲ ಇನ್ನೂ ಇದೆ. ಅದು ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ, ಹಿಂತಿರುಗಿಸಿದ್ದಕ್ಕೂ ಕೆಂಪು ಬೆರೆಸುತ್ತದೆ. ಅಂಥ ಹಾಲಿಗೆ ಕ್ರೀಮ್ ಬಳಿದರೆ ಗೋಡೆ ಪೀಚ್ ಬಣ್ಣಕ್ಕೆ ತಿರುಗುತ್ತದೆ. ತುಸು ಹಸಿರು ಅಥವಾ ಬೂದು ಛಾಯೆಯ ಬಿಳಿ ತೆಗೆದುಕೊಂಡರೆ ಎರಡೂ ಸರಿದೂಗಿ ಗೋಡೆ ಬಿಳಿಯಾಗಿಯೇ ಕಾಣುತ್ತದೆ. ಈ ನೆಲವನ್ನು ಒಡೆಸಿ ಟೈಲ್ಸ್ ಹಾಕಿಸುವ ಮೊದಲು ಒಮ್ಮೆ ಯೋಚಿಸಿ. ದೊಡ್ಡ ಮೊತ್ತ ಕೊಟ್ಟು ಹೊಸದಾಗಿ ಇದೇ ನೆಲ ಹಾಕಿಸಿಕೊಳ್ಳುವವರು ಈಗ ಇದ್ದಾರೆ, ಒಳ್ಳೆ ಕೈಯ ಗಾರೆ ಮೇಸ್ತ್ರಿ ಸಿಗುವುದೇ ಕಷ್ಟ. ಮಾಸಿದ್ದರೆ ಸೋಪುನೀರಲ್ಲಿ ಉಜ್ಜಿ, ಒಣಗಿಸಿ, ಮೇಣದ ಪಾಲಿಶ್ ತಿಕ್ಕಿಸಿದರೆ ಸಾಕು. ಆ್ಯಸಿಡ್ ಮಾತ್ರ ಹಾಕಬೇಡಿ, ಮೇಲ್ಪದರ ಹೋಗಿ ಬಿಳಿ ಮಚ್ಚೆ ಬಿದ್ದರೆ ಮತ್ತೆ ಸರಿಯಾಗುವುದಿಲ್ಲ.

ಮೊಸಾಯಿಕ್ ನೆಲವೂ ಹಾಗೆಯೇ: ಮೆಷಿನ್ ಪಾಲಿಶ್ ಮಾಡಿಸಿದರೆ ಹೊಸದಾಗುತ್ತದೆ. ಅದರಲ್ಲಿರುವ ಕಲ್ಲಿನ ಚಿಪ್ಪುಗಳನ್ನು ಹತ್ತಿರದಿಂದ ನೋಡಿ. ಬೂದು, ಕಪ್ಪು, ಸಾಸಿವೆ, ಮಸುಕು ಹಸಿರು ಇರುತ್ತವೆ. ಅದರಲ್ಲಿ ಅತ್ಯಂತ ಕಡಿಮೆ ಇರುವ ಬಣ್ಣವನ್ನು ಹೆಕ್ಕಿ ದಿಂಬಿಗೋ ಒಂದು ಬಾಗಿಲಿಗೋ ಕೊಡಿ. ಬಣ್ಣದ ಜೋಡಿಯನ್ನು ನೆಲವೇ ಆರಿಸಿಕೊಟ್ಟ ಹಾಗೆ.

ಅಪಾರ್ಟ್‌ಮೆಂಟುಗಳ ಐವರಿ ಬಣ್ಣದ ಹೊಳಪಿನ ವಿಟ್ರಿಫೈಡ್ ಟೈಲ್ಸ್‌ನಲ್ಲಿ ತೊಂದರೆ ಬೇರೆ. ಇಂಟರ್‌ನೆಟ್ ನೋಡಿ ಅಚ್ಚ ಬಿಳಿ ಗೋಡೆ, ತಣ್ಣನೆಯ ಬೂದು ಸೋಫಾ ತಂದರೆ ಆ ಟೈಲ್ಸ್ ಕೊಳೆಯಾದಂತೆ ಹಳದಿಯಾಗಿ ಕಾಣುತ್ತದೆ. ಬೂದುಬಣ್ಣವೇ ಬೇಕಿದ್ದರೆ ಕಂದು ಬೆರೆತ ಬೂದು ನೋಡಿ. ಹೊಳಪು ಕಡಿಮೆಯಾಗಲು ಒಂದು ಜಮಖಾನ ಹಾಸಿ.

ಎಣಿಸಿ

ಮಾಡರ್ನ್ ಎಂಬ ಮಾತಿಗೆ ನೂರು ಅರ್ಥ ಹೇಳುತ್ತಾರೆ. ಸಣ್ಣ ಮನೆಯ ಮಟ್ಟಿಗೆ ಅದನ್ನು ಎಣಿಸಿಯೇ ಹೇಳಬಹುದು. ಹಾಲಿನ ನಡುವೆ ನಿಂತು ಎಷ್ಟು ಬಗೆಯ ಮೇಲ್ಮೈ ಇವೆ ಎಂದು ಎಣಿಸಿ. ತೇಗದ ಪಾಲಿಶ್ ಬಾಗಿಲು, ಕಂದು ಎನಾಮಲ್ ಹೊಡೆದ ಕಿಟಕಿ, ಕಪ್ಪು ಗ್ರಿಲ್, ವಾಲ್‌ನಟ್ ಲ್ಯಾಮಿನೇಟಿನ ಟಿವಿ ಯೂನಿಟ್, ಬೂದು ಸ್ಟೀಲ್ ಬೀರು, ಬಿಳಿ ಪ್ಲಾಸ್ಟಿಕ್ ಕುರ್ಚಿ, ಹೂವಿನ ಪರದೆ, ಗೀಟಿನ ಸೋಫಾ ಕವರ್, ಗಾಜಿನ ಟೀಪಾಯಿ. ಒಂಬತ್ತು ಆಯಿತು, ಗೋಡೆ ನೆಲ ಇನ್ನೂ ಬಂದಿಲ್ಲ. ನಿಮಗೆ ಇಷ್ಟವಾದ ಚಿತ್ರದಲ್ಲೂ ಎಣಿಸಿ ನೋಡಿ: ನಾಲ್ಕೋ ಐದೋ ಇರುತ್ತವೆ. ಆ ಚಿತ್ರ ಹಿಡಿಸಿದ್ದು ಬಹುಮಟ್ಟಿಗೆ ಈ ಲೆಕ್ಕದಿಂದ.

ಹೊಸ ಸಾಮಾನು ತರದೆಯೇ ಈ ಎಣಿಕೆಯನ್ನು ಇಳಿಸಬಹುದು. ಕಿಟಕಿ ಮತ್ತು ಗ್ರಿಲ್‌ಗೆ ಒಂದೇ ಬಣ್ಣ ಬಳಿಸಿ. ಬೀರುವನ್ನು 220 ನಂಬರಿನ ಎಮರಿ ಪೇಪರ್‌ನಲ್ಲಿ ಉಜ್ಜಿ, ತುಕ್ಕು ಕಂಡಲ್ಲಿ ಮೆಟಲ್ ಪ್ರೈಮರ್ ಹಚ್ಚಿ, ಗೋಡೆಯದೇ ಶೇಡಿನ ಸ್ಯಾಟಿನ್ ಎನಾಮಲ್ ಎರಡು ಕೋಟ್ ಕೊಡಿ. ಒಂದು ಬೀರುವಿಗೆ 1 ಲೀಟರ್ ಸಾಕು. ಆರೂವರೆ ಅಡಿ ಎತ್ತರದ ಬೀರು ಗೋಡೆಯಲ್ಲಿ ಸೇರಿಹೋಗುತ್ತದೆ. ಪ್ರೈಮರ್ ಬಿಟ್ಟು ನೇರ ಎನಾಮಲ್ ಹೊಡೆಯುವ ಪೇಂಟರ್‌ಗಳಿದ್ದಾರೆ, ಆರು ತಿಂಗಳಿಗೆ ಹಿಡಿಯ ಸುತ್ತ ಬಣ್ಣ ಏಳುತ್ತದೆ. ನಿಂತು ಮಾಡಿಸಿ.

ದೇವರ ಮೂಲೆ ಈ ಲೆಕ್ಕದಿಂದ ಹೊರಗಿರಲಿ. ಅಲ್ಲಿ ಬಣ್ಣ, ಹಿತ್ತಾಳೆ, ಹೂವು ಎಲ್ಲ ಇರಬೇಕಾದ್ದೇ. ಉಳಿದದ್ದು ಸುಮ್ಮನಿದ್ದಾಗ ಅದು ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ.

ಚಿತ್ರವನ್ನು ಓದುವುದು

ಈಗ ಉಳಿದ ಹತ್ತಿಪ್ಪತ್ತು ಚಿತ್ರಗಳನ್ನು ಒಂದೊಂದಾಗಿ ತೆಗೆಯಿರಿ. ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ. ಬೆಳಕು ಎಲ್ಲಿಂದ ಬರುತ್ತಿದೆ? ಏನೇನು ಕಾಣುತ್ತಿಲ್ಲ? ಇದರಲ್ಲಿ ನನಗೆ ಬೇಕಾದ ಒಂದೇ ಒಂದು ವಿಷಯ ಯಾವುದು?

ಎರಡನೇ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿ. ಸ್ವಿಚ್ ಬೋರ್ಡ್, ಟಿವಿ ವೈರ್, ಇನ್ವರ್ಟರ್, ಚಪ್ಪಲಿ ಸ್ಟ್ಯಾಂಡ್, ಫ್ಯಾನ್ ಯಾವುದೂ ಚಿತ್ರದಲ್ಲಿಲ್ಲ. ನಿಮ್ಮ ಮನೆಯಲ್ಲಿ ಅವೆಲ್ಲ ಇರುತ್ತವೆ. ಉದಾಹರಣೆಗೆ, ಚಾವಣಿಯಿಂದ ನಡುವೆ ಇಳಿಬಿಟ್ಟ ದೊಡ್ಡ ಕಾಗದದ ದೀಪ. ನಮ್ಮಲ್ಲಿ ಆ ಜಾಗ ಫ್ಯಾನಿನದು. 48 ಇಂಚಿನ ಫ್ಯಾನ್ ನಡುವಿನಿಂದ ಎರಡಡಿ ಸುತ್ತ ಬೀಸುತ್ತದೆ. ರೆಕ್ಕೆಗಿಂತ ಮೇಲೆ, ಆ ವೃತ್ತದೊಳಗೆ ದೀಪ ಕೂರಿಸಿದರೆ ಕೋಣೆಯೆಲ್ಲ ಮಿಣಿಮಿಣಿ ಎಂದು ತಲೆನೋವು ಬರುತ್ತದೆ. ಫ್ಯಾನಿನ ನಡುವಿನಿಂದ ಕನಿಷ್ಠ 3 ಅಡಿ ದೂರವಿರಲಿ. ಆ ದೀಪವೇ ಇಷ್ಟವಾದರೆ ಸೋಫಾ ಪಕ್ಕದ ಮೂಲೆಯಲ್ಲಿ ಇಳಿಬಿಡಿ. ಫಾಲ್ಸ್ ಸೀಲಿಂಗ್ ಕೂಡ ಹೀಗೆ ಕಣ್ಕಟ್ಟು: ಒಂಬತ್ತೂವರೆ ಅಡಿ ಎತ್ತರದ ಕೋಣೆಯಲ್ಲಿ ಅದಕ್ಕೆ ಆರು ಇಂಚು ಕೊಟ್ಟರೆ ಮನೆ ತಗ್ಗಾಗುತ್ತದೆ, ಬೇರೇನೂ ಆಗುವುದಿಲ್ಲ.

ಮೂರನೇ ಪ್ರಶ್ನೆಗೆ ಉತ್ತರ ಒಂದು ಸಾಲಿನಲ್ಲಿರಬೇಕು. "ಪರದೆ ಚಾವಣಿಯಿಂದಲೇ ಇಳಿದಿದೆ." "ಗೋಡೆಯ ಕೆಳಗಿನ ನಾಲ್ಕಡಿ ಮಾತ್ರ ಹಸಿರು." "ಸೋಫಾಕ್ಕೆ ಕಾಲಿದೆ, ಅಡಿಯಲ್ಲಿ ನೆಲ ಕಾಣುತ್ತದೆ." ಬರೆಯಲು ಆಗದಿದ್ದರೆ ಆ ಚಿತ್ರ ಅಳಿಸಿ. ಕೊನೆಗೆ ಆರೇಳು ಸಾಲು ಉಳಿಯುತ್ತವೆ, ಪೇಂಟರ್‌ಗೂ ಕಾರ್ಪೆಂಟರ್‌ಗೂ ತೋರಿಸಬೇಕಾದ್ದು ಆ ಸಾಲುಗಳನ್ನು. ಇಡೀ ಚಿತ್ರ ತೋರಿಸಿದರೆ ಅವರು ಅದರಲ್ಲಿ ತಮಗೆ ಸುಲಭವಾದದ್ದನ್ನು ಮಾಡಿಕೊಟ್ಟು ಹೋಗುತ್ತಾರೆ.

ಊರಿನಲ್ಲಿ ನೋಡುವಂಥದ್ದು

ಮೊಬೈಲ್ ಪರದೆಯ ಮೇಲೆ ಕಾಣದ್ದು ಕಾಲ್ನಡಿಗೆಯಲ್ಲಿ ಕಾಣುತ್ತದೆ. ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಉಳಿದಿರುವ ಹಳೇ ಮನೆಗಳ ಮುಂಭಾಗ ನೋಡಿ: ಜಗಲಿ, ಜಾಲರಿ, ಗಾಳಿಗೆಂದು ಬಾಗಿಲ ಮೇಲೆ ಬಿಟ್ಟ ಕಿಂಡಿ. ಆ ಜಗಲಿಯನ್ನೇ ಹಾಲಿನ ಕಿಟಕಿಯ ಕೆಳಗೆ ತಂದರೆ ಸೋಫಾದ ಅರ್ಧ ಕೆಲಸ ಮುಗಿಯಿತು. ಎತ್ತರ ದಿಂಬು ಸೇರಿ 17 ಇಂಚು, ಅಗಲ 20 ಇಂಚು, ಕೆಳಗೆ ಡ್ರಾಯರ್. ಐದಡಿ ಉದ್ದದ ಜಗಲಿಯಲ್ಲಿ ಮೂವರು ಕೂರುತ್ತಾರೆ, ಮನೆಯ ಹೊದಿಕೆಗಳೆಲ್ಲ ಅದರೊಳಗೆ ಹಿಡಿಯುತ್ತವೆ.

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಸೋಮವಾರ ರಜೆ. ಅಲ್ಲಿ ಚಿತ್ರಗಳ ಜೊತೆಗೆ ಅವುಗಳ ನಡುವಿನ ಖಾಲಿ ಗೋಡೆಯನ್ನೂ ನೋಡಿ. ಮನೆಗಳಲ್ಲಿ ಚಿತ್ರಪಟ ತೀರಾ ಮೇಲೆ ತೂಗುಹಾಕುವುದು ವಾಡಿಕೆ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚಿಗಿದ್ದರೆ ನಿಂತವರ ಕಣ್ಣಿಗೆ ಸರಿ. ಕೊಳ್ಳುವುದಿದ್ದರೆ ಜನವರಿಯ ಚಿತ್ರಸಂತೆ ಕಾಯಿರಿ. ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಆ ಸಂತೆಯಲ್ಲಿ ಕಲಾವಿದರ ಕೈಯಿಂದಲೇ ಸಣ್ಣ ಬೆಲೆಗೆ ಮೂಲಚಿತ್ರ ಸಿಗುತ್ತದೆ.

ನಾಗಸಂದ್ರದ ಐಕಿಯಾ ಮಳಿಗೆಯಲ್ಲಿ ಸಣ್ಣ ಮನೆಗಳನ್ನು ಪೂರ್ತಿ ಜೋಡಿಸಿಟ್ಟಿದ್ದಾರೆ. ಟೇಪು ತೆಗೆದುಕೊಂಡು ಹೋಗಿ, ಕೊಳ್ಳದಿದ್ದರೂ ಅಳೆದು ಬನ್ನಿ. ಬಣ್ಣ ಮಾತ್ರ ಅಲ್ಲಿ ತೀರ್ಮಾನಿಸಬೇಡಿ, ಒಳಗೆ ಇರುವುದೆಲ್ಲ ದೀಪದ ಬೆಳಕು. ಬಿಲ್ಡರುಗಳ ಮಾದರಿ ಫ್ಲ್ಯಾಟ್‌ಗಳಿಗೆ ಹೋದಾಗಲೂ ಮಂಚ ಅಳೆಯಿರಿ, ಆರೂಕಾಲು ಅಡಿಗಿಂತ ಚಿಕ್ಕದಿದ್ದರೆ ಕೋಣೆ ದೊಡ್ಡದಾಗಿ ಕಾಣುವುದರ ಗುಟ್ಟು ಗೊತ್ತಾಗುತ್ತದೆ.

ಬಟ್ಟೆಗೆ ಚಿಕ್ಕಪೇಟೆ. ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ, ದಿಂಬಿನ ಕವರಿಗೆ ಚೆನ್ನ, ಆದರೆ ಅದರ ಪನ್ನ (ಬಟ್ಟೆಯ ಅಗಲ) ಕಿರಿದು. 16 ಇಂಚಿನ ದಿಂಬಿಗೆ ಹೊಲಿಗೆ ಸೇರಿ 17 ಇಂಚಿನ ಚೌಕ ಬೇಕು. ಮುಂಬದಿಗೆ ಖಣ, ಹಿಂಬದಿಗೆ ಸಾದಾ ಹತ್ತಿ ಹಾಕಿಸಿ. ನೆಲಕ್ಕೆ ನವಲಗುಂದದ ಜಮಖಾನ. ಕಪಾಟಿನ ಹಿಡಿಗಳಿಗೆ ಚನ್ನಪಟ್ಟಣದ ಅರಗಿನ ಗುಬುಟುಗಳು ಸಿಗುತ್ತವೆ, ಒಲೆಯ ಹತ್ತಿರದ ಕಪಾಟಿಗೆ ಬೇಡ, ಅರಗು ಬಿಸಿಗೆ ಮೆತ್ತಗಾಗುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮೂರನ್ನೂ ತಂದರೆ ಹಾಲು ಕರಕುಶಲ ಮಳಿಗೆಯಾಗುತ್ತದೆ.

ಹತ್ತಡಿ ಅಗಲದ ಲೆಕ್ಕ

ಆಸೆಪಟ್ಟ ಸೋಫಾವನ್ನು ನೆಲದ ಮೇಲೆ ಹಳೇ ಪೇಪರ್ ಹಾಸಿ ಗುರುತು ಮಾಡಿ, ಎರಡು ದಿನ ಅದರ ಸುತ್ತ ಓಡಾಡಿ. ಹತ್ತಡಿ ಅಗಲದ ಹಾಲಿನಲ್ಲಿ ಇರುವುದು 120 ಇಂಚು. ಸೋಫಾದ ಆಳ 34, ಟೀಪಾಯಿಗೆ ಮುನ್ನ ಮಂಡಿಗೆ ಜಾಗ 16, ಟೀಪಾಯಿ 20, ನಡೆದಾಡಲು 36. ಒಟ್ಟು 106. ಟಿವಿ ಯೂನಿಟ್‌ಗೆ ಉಳಿದದ್ದು 14 ಇಂಚು. ಚಿತ್ರದಲ್ಲಿ ಮೆಚ್ಚಿದ ಆ ಮೆತ್ತನೆಯ ಸೋಫಾದ ಆಳ 40 ಇಂಚು ಇದ್ದರೆ ಉಳಿಯುವುದು ಎಂಟೇ ಇಂಚು. ಟಿವಿಯನ್ನು ಗೋಡೆಗೆ ಹಾಕಿ, ಟೀಪಾಯಿ ಬದಲು ಪಕ್ಕಕ್ಕೆ ಸರಿಸುವ ಸ್ಟೂಲ್ ಇಟ್ಟರೆ ಬಿಗಿ ಸಡಿಲವಾಗುತ್ತದೆ.

ಸೋಫಾ ಕೊಳ್ಳುವ ಮುಂಚೆ ಮೆಟ್ಟಿಲ ತಿರುವನ್ನೂ ಅಳೆಯಿರಿ. ಬಾಡಿಗೆ ಪೋರ್ಷನ್‌ಗಳ ಮೆಟ್ಟಿಲು ಮೂರಡಿ ಅಗಲ, ನಡುವೆ ತಿರುವು. ಏಳಡಿಯ ಒಂದೇ ತುಂಡಿನ ಸೋಫಾ ಅಲ್ಲಿ ತಿರುಗುವುದು ಕಷ್ಟ. ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಳ್ಳುವ ಪ್ರಸಂಗ ಬರುವುದಕ್ಕಿಂತ ಎರಡು ತುಂಡಾಗಿ ಬಿಚ್ಚಿ ಜೋಡಿಸುವಂಥದ್ದನ್ನೇ ಕೊಳ್ಳಿ.

ಪರದೆಗೆ ಎರಡು ಮಾತು ಸಾಕು. ರಾಡ್ ಕಿಟಕಿಗಿಂತ 6ರಿಂದ 8 ಇಂಚು ಮೇಲೆ, ಎರಡೂ ಕಡೆ 6 ಇಂಚು ಆಚೆಗೆ. ಬಟ್ಟೆಯ ಅಗಲ ರಾಡಿನ ಎರಡರಷ್ಟು, ಇಲ್ಲದಿದ್ದರೆ ಎಳೆದಾಗ ಬೆಡ್‌ಶೀಟ್ ಹಾಕಿದ ಹಾಗೆ ಚಪ್ಪಟೆ.

ಬಲ್ಬ್ ಮೊದಲು, ಬಣ್ಣ ಆಮೇಲೆ

ಮೆಚ್ಚಿದ ಚಿತ್ರಗಳ ಬೆಚ್ಚನೆಯ ನೋಟಕ್ಕೆ ಅರ್ಧ ಕಾರಣ 2700 ಅಥವಾ 3000 ಕೆಲ್ವಿನ್ ದೀಪ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಂಕಿ, ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿಬಿಳಿ. ನಮ್ಮ ಹಾಲುಗಳಲ್ಲಿ ಉರಿಯುವುದು ಹೆಚ್ಚಾಗಿ 6500 ಕೆಲ್ವಿನ್‌ನ ನೀಲಿಬಿಳಿ ಟ್ಯೂಬ್‌ಲೈಟ್. ಬಣ್ಣಕ್ಕೆ ಮುಂಚೆ ಬಲ್ಬ್ ಬದಲಿಸಿ. 120 ಚದರಡಿ ಹಾಲಿಗೆ ಸುಮಾರು 2000ದಿಂದ 2500 ಲೂಮೆನ್ (ಬೆಳಕಿನ ಪ್ರಮಾಣದ ಅಳತೆ) ಬೇಕು. 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದು ಸುಮಾರು 900 ಲೂಮೆನ್ ಕೊಡುತ್ತದೆ, ಅಂದರೆ ಮೂರು ಬಲ್ಬ್, ಮೂರು ಜಾಗದಲ್ಲಿ: ಒಂದು ಚಾವಣಿಗೆ, ಒಂದು ಗೋಡೆಗೆ, ಒಂದು ಸೋಫಾ ಪಕ್ಕದ ಸ್ಟ್ಯಾಂಡಿಗೆ. ಒಂದೇ ಕೋಣೆಯಲ್ಲಿ ಹಳದಿ, ನೀಲಿ ಬೆರೆಸಬೇಡಿ. ಮಕ್ಕಳು ಓದುವ ಮೇಜಿಗೂ ಅಡುಗೆಮನೆಗೂ 4000 ಕೆಲ್ವಿನ್ ಇರಲಿ.

ಆಮೇಲೆ ಶೇಡ್. ಅಂಗೈಯಗಲದ ಕಾರ್ಡ್ ನೋಡಿ ಆರಿಸಿದ ಬಣ್ಣ ನಾಲ್ಕು ಗೋಡೆಗೆ ಬಂದಾಗ ಗಾಢವಾಗಿ ಕಾಣುತ್ತದೆ, ಗೋಡೆಗಳು ಒಂದಕ್ಕೊಂದು ಬಣ್ಣ ಚೆಲ್ಲುವುದರಿಂದ. ಆದ್ದರಿಂದ ಸ್ಯಾಂಪಲ್ ಡಬ್ಬಿ ತಂದು ಬಿಳಿ ಚಾರ್ಟ್ ಹಾಳೆಗೆ ಎರಡು ಕೋಟ್ ಬಳಿದು, ಅಂಚಿನಲ್ಲಿ ಒಂದಿಂಚು ಬಿಳಿ ಬಿಡಿ. ಹಳೇ ಬಣ್ಣದ ಗೋಡೆಗೇ ನೇರ ಬಳಿದರೆ ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಆ ಹಾಳೆಯನ್ನು ಕಿಟಕಿಯ ಪಕ್ಕ, ಕಿಟಕಿಯ ಎದುರು, ಅತಿ ಕತ್ತಲ ಮೂಲೆ, ಹೀಗೆ ಮೂರು ಕಡೆ ಅಂಟಿಸಿ ಮೂರು ಹೊತ್ತು ನೋಡಿ. ಕತ್ತಲ ಹಾಲಾದರೆ ಎಲ್‌ಆರ್‌ವಿ, ಅಂದರೆ ಬೆಳಕು ಹಿಂತಿರುಗಿಸುವ ಅಂಕಿ, 60ಕ್ಕಿಂತ ಮೇಲಿರುವ ಶೇಡ್‌ಗಳಲ್ಲೇ ಆರಿಸಿ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರಹದಲ್ಲಿ ಪಡೆಯಿರಿ. ಖಾಲಿ ಮಾಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ವಾಡಿಕೆ. ನೀವೇ ಬಳಿಸುವುದಾದರೆ ಅದನ್ನು ಬಿಡುತ್ತಾರಾ ಎಂದು ಮೊದಲೇ ಕೇಳಿ.

ತೇವ ಇದ್ದರೆ ಎಲ್ಲಕ್ಕೂ ಮೊದಲು ಅದೇ

ಗೋಡೆ ಉಪ್ಪು ಬಿಟ್ಟಿದ್ದರೆ, ಉಬ್ಬಿದ್ದರೆ, ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ತೆಗೆಯಿರಿ. ಹಾಳೆಯ ಒಳಬದಿಯಲ್ಲಿ, ಗೋಡೆ ಕಡೆಗೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ: ಆಚೆಯ ಬಾತ್‌ರೂಮ್ ಪೈಪು, ಹೊರಗೋಡೆಯ ಬಿರುಕು, ಇಲ್ಲವೇ ಮೇಲಿನ ಟೆರೇಸ್. ಹೊರಬದಿಯಲ್ಲಿ ಹನಿ ಇದ್ದರೆ ಕೋಣೆಗೆ ಗಾಳಿ ಸಾಲದು ಅಷ್ಟೇ. ಮೊದಲನೆಯದಕ್ಕೆ ಪುಟ್ಟಿ, ವಾಲ್‌ಪೇಪರ್, ಪ್ಯಾನೆಲ್ ಯಾವುದೂ ಮದ್ದಲ್ಲ; ಮುಚ್ಚಿದಷ್ಟೂ ಹಿಂದೆ ಬೂಸ್ಟು ಬೆಳೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಎಲ್ಲಿ ಒದ್ದೆಯಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ, ಸರಿಮಾಡಿಸಿ, ಜನವರಿಯ ಹೊತ್ತಿಗೆ ಬಣ್ಣಕ್ಕೆ ಕೈಹಾಕಿ. ಹೊಸ ಗಾರೆ ಮಾಡಿಸಿದ ಜಾಗಕ್ಕೆ ಕನಿಷ್ಠ 28 ದಿನ ಬಿಡಿ.

ಸರದಿ ಮತ್ತು ಪ್ರಮಾಣ

ತೇವ, ವೈರಿಂಗ್, ಪುಟ್ಟಿ ಮತ್ತು ಪ್ರೈಮರ್, ಮೊದಲ ಕೋಟ್, ಮರಗೆಲಸ, ನೆಲದ ಪಾಲಿಶ್, ಕೊನೆಯ ಕೋಟ್, ಪರದೆ. ಈ ಸರದಿ ತಪ್ಪಿದರೆ ಒಂದು ಕೆಲಸ ಇನ್ನೊಂದನ್ನು ಹಾಳುಮಾಡುತ್ತದೆ. ಗೋಡೆ ಕೊರೆದು ವೈರ್ ಎಳೆಯುವುದು ಬಣ್ಣದ ನಂತರ ನೆನಪಾಗುವುದು ತೀರಾ ಸಾಮಾನ್ಯ, ಅದಕ್ಕೇ ಟಿವಿ, ಸ್ಟ್ಯಾಂಡ್ ಲೈಟ್, ಚಾರ್ಜರ್ ಎಲ್ಲಿ ಎಂದು ಮೊದಲೇ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಮೊಸಾಯಿಕ್ ಪಾಲಿಶಿನ ಕೆಸರು ಒಂದಡಿ ಮೇಲಕ್ಕೆ ಸಿಡಿಯುತ್ತದೆ, ಕೊನೆಯ ಕೋಟ್ ಅದಾದ ಮೇಲೆಯೇ. ಮರಗೆಲಸದಲ್ಲಿ ಒಂದೇ ಎಚ್ಚರಿಕೆ: ಅಡುಗೆಮನೆಯ ಸಿಂಕ್ ಕೆಳಗೆ ತೇವವನ್ನಷ್ಟೇ ತಡೆಯುವ ಎಂಆರ್ ಗ್ರೇಡ್ ಪ್ಲೈವುಡ್ ಬೇಡ, ನೀರಿಗೂ ಜಗ್ಗದ ಐಎಸ್ 710 ಗುರುತಿನದು ಕೇಳಿ.

ಹತ್ತಡಿಗೆ ಹನ್ನೆರಡಡಿ ಕೋಣೆ, ಒಂಬತ್ತೂವರೆ ಅಡಿ ಎತ್ತರ. ಸುತ್ತಳತೆ 44 ಅಡಿ, ಗೋಡೆ 418 ಚದರಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 365. ಪುಟ್ಟಿ ಹಾಕಿದ ಗೋಡೆಗೆ 1 ಲೀಟರ್ ಎಮಲ್ಷನ್ ಎರಡು ಕೋಟ್‌ನಲ್ಲಿ 55ರಿಂದ 65 ಚದರಡಿ ಬರುತ್ತದೆ, ಹಾಗಾಗಿ ಆರರಿಂದ ಆರೂವರೆ ಲೀಟರ್. 4 ಲೀಟರಿನ ಒಂದು, 1 ಲೀಟರಿನ ಮೂರು ಡಬ್ಬಿಗಳನ್ನು ಒಂದೇ ದಿನ, ಒಂದೇ ಅಂಗಡಿಯಲ್ಲಿ ಕಲಸಿಸಿ, ಮನೆಗೆ ತಂದು ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿದು ತಿರುವಿ. ಡಬ್ಬಿಯಿಂದ ಡಬ್ಬಿಗೆ ಶೇಡ್ ಕೂದಲೆಳೆಯಷ್ಟು ಬೇರೆ ಬಂದರೂ ಗೋಡೆಯ ನಡುವೆ ಗೆರೆ ಕಾಣುತ್ತದೆ.

ಮಿಕ್ಕ ಅರ್ಧ ಲೀಟರನ್ನು ಪೇಂಟರ್ ಕೈಗೆ ಕೊಟ್ಟು ಕಳಿಸಬೇಡಿ. ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿ, ಶೇಡ್ ನಂಬರ್, ತಿಂಗಳು, ಯಾವ ಗೋಡೆ ಎಂದು ಬರೆದು ಅಟ್ಟದ ಮೇಲಿಡಿ. ಹೊಸ ಸೋಫಾ ಬಾಗಿಲು ದಾಟಿ ಒಳಗೆ ಬರುವ ದಿನವೇ ಅದು ಬೇಕಾಗುತ್ತದೆ.